ಬಾಗಿಲ ಬಳಿಯ ಬೆಂಚು

ಕೇಳುಗರಿಗೆಲ್ಲ ನಮಸ್ಕಾರ.

ಕೋಲಾರದ ನಮ್ಮ ಚರ್ಚಿನಲ್ಲಿ ಒಬ್ಬ ಹಿರಿಯರಿದ್ದಾರೆ. ಸೇನೆಯ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿದ್ದವರು. 1987ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿಬಂದವರು. ನಾನು ಕಂಡಾಗಿನಿಂದ ಅವರು ಕೂರುವುದು ಬಾಗಿಲ ಬಳಿಯ ಕೊನೇ ಬೆಂಚಿನಲ್ಲಿ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೂ ಎಲ್ಲರೂ ಎದ್ದು ಹೋಗಿ ಬಂದ ಮೇಲೆಯೇ ಅವರು ಏಳುವುದು. ಮುಂದೆ ಬನ್ನಿ ಎಂದು ಕರೆದರೆ, "ಇಲ್ಲೇ ಗಾಳಿ ಚೆನ್ನಾಗಿದೆ ಬಿಡಿ ಮೇಷ್ಟ್ರೇ" ಅನ್ನುತ್ತಾರೆ. ಡಿಸೆಂಬರಿನ ಚಳಿಯಲ್ಲೂ ಅದೇ ಮಾತು.

ಗಡಿಯ ಸುದ್ದಿ ಟೀವಿಯಲ್ಲಿ ಕಾವೇರಿದ್ದ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹುಡುಗರು ಟೀ ಲೋಟ ಹಿಡಿದು ವಾದಕ್ಕಿಳಿದರು. ಕ್ರೈಸ್ತನಾದವನು ಯುದ್ಧವನ್ನು ಬೆಂಬಲಿಸಲೇಬೇಕು, ಸರಕಾರದ ಕೈಗೆ ಕತ್ತಿ ಕೊಟ್ಟವನೇ ದೇವರು, ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಓದು ಎಂದು ಒಬ್ಬ. ವೈರಿಯನ್ನು ಪ್ರೀತಿಸು ಎಂದವನ ಹೆಸರು ಹೇಳಿಕೊಂಡು ಬಾಂಬಿಗೆ ಚಪ್ಪಾಳೆ ತಟ್ಟುವುದು ಹೇಗೆ ಎಂದು ಇನ್ನೊಬ್ಬ. ಅಷ್ಟರಲ್ಲಿ ಅದುವರೆಗೆ ಸುಮ್ಮನಿದ್ದ ಮೂರನೆಯವನು ಕೇಳಿದ: "ಹಂಗಾದ್ರೆ ನಮ್ಮಪ್ಪ ಪಾಪೀನಾ ಸಾರ್?"

ಅವನ ಅಪ್ಪ ಕೆ.ಜಿ.ಎಫ್.ನ ಬೆಮೆಲ್‌ನಲ್ಲಿ ಕೆಲಸಗಾರ. 1964ರಲ್ಲಿ ಶುರುವಾದ ಕಂಪನಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೂ ಆ ಊರಿನ ಎಷ್ಟೋ ಮನೆಯ ಒಲೆ ಉರಿದದ್ದು ಅದರಿಂದ. ಅಲ್ಲಿ ಮಣ್ಣು ಅಗೆಯುವ ಬುಲ್ಡೋಜರೂ ತಯಾರಾಗುತ್ತದೆ, ರಣರಂಗದಲ್ಲಿ ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರುವ ಸೇನಾವಾಹನವೂ ತಯಾರಾಗಿದೆ. ಕತ್ತಿಗಳನ್ನು ಕುಲುಮೆಗೆ ಹಾಕಿ ನೇಗಿಲ ಗುಳ ಮಾಡುವರು ಎಂದು ಪ್ರವಾದಿ ಯೆಶಾಯ ಹೇಳಿದ್ದಾನಲ್ಲ, ಅದನ್ನು ನಾನು ಭಾನುವಾರದ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದೆ. ಮಳೆಗೆ ಮುಂಚೆ ಗುಳ ಹಣಿಸಲು ಕುಲುಮೆ ಮುಂದೆ ಸಾಲು ಕೂತ ರೈತರನ್ನು ನೋಡಿ ಬೆಳೆದ ನನಗೆ ಅದು ಬಲು ಸಲೀಸಾದ ವಾಕ್ಯ. ಗುಳವೂ ಕತ್ತಿಯೂ ಒಂದೇ ಕುಲುಮೆಯಿಂದ, ಒಂದೇ ಕೈಯಿಂದ ಬಂದರೆ ಏನು ಹೇಳಬೇಕು ಎಂದು ಯೋಚಿಸಿರಲಿಲ್ಲ. ಅವತ್ತು ಟೀ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಜಾರಿಕೊಂಡೆ. ಇವತ್ತಿನ ನನ್ನ ಮಾತು ಆ ಹುಡುಗನಿಗೆ ಕೊಡಬೇಕಾಗಿದ್ದ ಬಾಕಿ.

ವಚನ ಹುಡುಕುವವರಿಗೆ ಎರಡೂ ಕಡೆಗೆ ವಚನ ಸಿಗುತ್ತದೆ, ಅದನ್ನು ಮೊದಲೇ ಒಪ್ಪಿಕೊಳ್ಳೋಣ. ತನ್ನ ಬಳಿ ಬಂದ ಸಿಪಾಯಿಗಳಿಗೆ ಸ್ನಾನಿಕ ಯೋಹಾನ ಕೆಲಸ ಬಿಡಿ ಅನ್ನಲಿಲ್ಲ. ಜನರನ್ನು ಸುಲಿಯಬೇಡಿ, ಬರುವ ಸಂಬಳದಲ್ಲಿ ತೃಪ್ತರಾಗಿರಿ ಎಂದ. ಬಟ್ಟೆ ಮಾರಿಯಾದರೂ ಕತ್ತಿ ಕೊಳ್ಳಿ ಎಂದು ಯೇಸುವೇ ಹೇಳಿದ ಮಾತು ಲೂಕನ ಸುವಾರ್ತೆಯಲ್ಲಿದೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಬಾರದು. ಶಿಷ್ಯರು ಎರಡು ಕತ್ತಿ ತೋರಿಸುತ್ತಾರೆ, ಅಷ್ಟು ಸಾಕು ಅನ್ನುತ್ತಾನೆ. ಹನ್ನೊಂದು ಜನಕ್ಕೆ ಎರಡು ಕತ್ತಿ! ಅದೇ ರಾತ್ರಿ ಪೇತ್ರ ಆ ಕತ್ತಿ ಬೀಸಿ ಮಹಾಯಾಜಕನ ಆಳು ಮಲ್ಕನ ಬಲಗಿವಿ ಕತ್ತರಿಸುತ್ತಾನೆ. ಶಿಷ್ಯರ ಕತ್ತಿಯಿಂದ ಆದ ಒಟ್ಟು ಪರಾಕ್ರಮ ಅದೊಂದು ಕಿವಿ. ಅದನ್ನೂ ಯೇಸು ಮುಟ್ಟಿ ವಾಸಿಮಾಡಿದ.

ಹಾಗೆಂದು ಮೊದಲ ಕ್ರೈಸ್ತರೆಲ್ಲ ಒಂದೇ ದಾರಿ ಹಿಡಿದರು ಎನ್ನಲಾಗದು. 295ರಲ್ಲಿ ಈಗಿನ ಅಲ್ಜೀರಿಯಾದಲ್ಲಿ ಮ್ಯಾಕ್ಸಿಮಿಲಿಯನ್ ಎಂಬ ಇಪ್ಪತ್ತೊಂದರ ಹುಡುಗ ರೋಮನ್ ಸೈನ್ಯಕ್ಕೆ ಸೇರಲಾರೆ ಎಂದು ತಲೆ ಕೊಟ್ಟ. ಅವನಪ್ಪನೂ ಸೈನಿಕನಾಗಿದ್ದವನೇ. ಚಕ್ರವರ್ತಿಯ ಕಾವಲುಪಡೆಯಲ್ಲೇ ಕ್ರೈಸ್ತರಿದ್ದಾರಲ್ಲ, ನಿನಗೇನು ಎಂದು ಅಧಿಕಾರಿ ಕೇಳಿದಾಗ, ತಮಗೆ ಯಾವುದು ತಕ್ಕದ್ದೆಂದು ಅವರಿಗೆ ಗೊತ್ತು ಎಂದನಂತೆ. ಸಾಯುವ ಹೊತ್ತಿನಲ್ಲೂ ಅವರನ್ನು ಜರಿಯಲಿಲ್ಲ. ನನಗೆ ಅವನ ಧೈರ್ಯಕ್ಕಿಂತ ಈ ಸೌಜನ್ಯವೇ ದೊಡ್ಡದಾಗಿ ಕಾಣುತ್ತದೆ.

ರೋಮಿನ ಚಕ್ರವರ್ತಿಯೇ ಕ್ರೈಸ್ತನಾದ ಮೇಲೆ ಪ್ರಶ್ನೆ ತಿರುವುಮುರುವಾಯಿತು. ಕ್ರೈಸ್ತ ಚಿಂತಕ ಅಗಸ್ಟಿನ್, ಅವನಾದ ಮೇಲೆ ಥಾಮಸ್ ಅಕ್ವಿನಾಸ್, ನ್ಯಾಯಯುದ್ಧ ಎಂಬ ವಿಚಾರ ಕಟ್ಟಿದರು. ಅಧಿಕಾರವುಳ್ಳವನೇ ಸಾರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಅವರು ಹಾಕಿದ್ದು ಬೇಲಿ. ಆಮೇಲೆ ಬೇಲಿಯೇ ಎದ್ದು ಹೊಲ ಮೇಯಿತು. 1204ರಲ್ಲಿ ಮೈಮೇಲೆ ಶಿಲುಬೆ ಹೊಲಿಸಿಕೊಂಡು ಧರ್ಮಯುದ್ಧಕ್ಕೆ ಹೊರಟವರು ಕ್ರೈಸ್ತರದೇ ಊರಾದ ಕಾನ್‌ಸ್ಟಾಂಟಿನೋಪಲ್ಲನ್ನು ಕೊಳ್ಳೆ ಹೊಡೆದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಿಪಾಯಿಯ ಸೊಂಟಪಟ್ಟಿಯ ಮೇಲೆ 'ದೇವರು ನಮ್ಮ ಸಂಗಡ' ಎಂಬ ಮುದ್ರೆ. ಇಮ್ಮಾನುವೇಲ್ ಎಂಬ ಹೆಸರಿನ ಅರ್ಥವೂ ಅದೇ. ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಹೆಸರು ಬಕಲ್ ಆಯಿತು. ಇದೆಲ್ಲ ಹಳೇ ಕಥೆ ಅನ್ನಬೇಡಿ. 2022ರ ಸೆಪ್ಟೆಂಬರಿನಲ್ಲಿ, ಉಕ್ರೇನ್ ಯುದ್ಧದ ನಡುವೆ, ಮಾಸ್ಕೋದ ಧರ್ಮಾಧ್ಯಕ್ಷ ಕಿರಿಲ್, ಸೇನಾ ಕರ್ತವ್ಯದಲ್ಲಿ ಸತ್ತವನ ಪಾಪವೆಲ್ಲ ತೊಳೆದುಹೋಗುತ್ತದೆ ಎಂದು ಬೋಧಿಸಿದರು.

ಇದಕ್ಕೆ ಎದುರಾಗಿ ನಾಲ್ಕನೇ ಶತಮಾನದ ಬಿಷಪ್ ಬೆಸಿಲ್ ಬರೆದದ್ದನ್ನು ಇಟ್ಟು ನೋಡಿ. ಯುದ್ಧದಲ್ಲಿ ಕೊಂದವನನ್ನು ಹಿರಿಯರು ಕೊಲೆಗಾರ ಎಂದು ಎಣಿಸಲಿಲ್ಲ. ಆದರೂ ಅವನ ಕೈ ಶುದ್ಧವಾಗಿಲ್ಲ, ಮೂರು ವರ್ಷ ಕರ್ತನ ಭೋಜನದಿಂದ ದೂರವಿರಲು ಹೇಳುವುದು ಒಳ್ಳೆಯದೇನೋ ಎಂದ. ಇಂಗ್ಲೆಂಡಿನ 1066ರ ಹೇಸ್ಟಿಂಗ್ಸ್ ಕಾಳಗದ ನಂತರವೂ ಹೀಗೇ ಆಯಿತು. ಗೆದ್ದವರಿಗೇ ಅವರ ಬಿಷಪ್ಪರು ಪ್ರಾಯಶ್ಚಿತ್ತ ಗೊತ್ತುಮಾಡಿದರು: ಕೊಂದ ಒಂದೊಂದು ಜೀವಕ್ಕೆ ಒಂದೊಂದು ವರ್ಷ. ಗೆದ್ದು ಬಂದವನಿಗೆ ಹಾರ ಹಾಕದೆ, ಛೀ ಅಂತಲೂ ಅನ್ನದೆ, ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಲ್ಲು ಮಗನೇ ಅನ್ನುವ ಕ್ರೈಸ್ತಸಭೆ ಒಂದು ಕಾಲಕ್ಕೆ ಇತ್ತು. ನಾನು ಹುಡುಕುತ್ತಿರುವುದು ಆ ಸಭೆಯನ್ನು.

ಊರಿಗೆ ಕಳ್ಳರು ನುಗ್ಗಿದರೆ ಬಾಗಿಲಿಗೆ ಅಡ್ಡ ನಿಲ್ಲುವವನು ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯಾದ ಪರ್ವತ ಪ್ರಸಂಗ ನೇರ ಎದೆಗೆ ತಾಕಿತು ಎಂದ ಗಾಂಧೀಜಿ, 1927ರ ಬೇಸಿಗೆಯಲ್ಲಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಬಂದಿದ್ದರಲ್ಲ, ಅವರೇ 1918ರಲ್ಲಿ ಖೇಡಾದ ಹಳ್ಳಿಹಳ್ಳಿ ಸುತ್ತಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿ ಎಂದು ಕೇಳಿದ್ದರು. ಅಂಥವರಿಗೇ ತೊಡಕಾದ ಲೆಕ್ಕ ಇದು. ಆದರೆ ನಂಬಿಕೆಯ ಹೆಸರಿನಲ್ಲಿ ಯುದ್ಧಕ್ಕೆ ಜೈ ಅನ್ನಲೇಬೇಕು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಸರಕಾರ ತನ್ನ ಕೆಲಸ ಮಾಡಲಿ. ಅದರ ಫಿರಂಗಿಗೆ ಕುಂಕುಮ ಹಚ್ಚುವ ಕೆಲಸ ಪಾದ್ರಿಗಳದ್ದಲ್ಲ.

ಆ ಹುಡುಗನಿಗೆ ಈಗ ಹೇಳುತ್ತೇನೆ. ನಿಮ್ಮಪ್ಪ ಬೆಸುಗೆ ಹಾಕಿದ ವಾಹನಕ್ಕೆ ದುಡ್ಡು ಕೊಟ್ಟದ್ದು ನನ್ನ ತೆರಿಗೆ. ಪಾಪದ ಲೆಕ್ಕ ಬರೆಯುವುದಾದರೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಬರಲಿ. ನೀನೂ ನಾನೂ ಮಾಡಬಹುದಾದ್ದು ಚಿಕ್ಕದು. ನಮ್ಮ ಸಿಪಾಯಿಗಳಿಗಾಗಿ ಪ್ರಾರ್ಥಿಸುವಾಗ ಆ ಕಡೆಯವರನ್ನೂ ಸೇರಿಸೋಣ. ಕಳೆದ ತಿಂಗಳು ನಾನು ಹಾಗೆ ಪ್ರಾರ್ಥಿಸಿದೆ. ಆಮೆನ್ ಸ್ವಲ್ಪ ಸಣ್ಣಗೆ ಬಂತು, ನಿಜ.

ಅವತ್ತು ಪ್ರಾರ್ಥನೆ ಮುಗಿಸಿ ಮುಂದಿನ ನನ್ನ ಜಾಗಕ್ಕೆ ಹೋಗದೆ, ಹವಾಲ್ದಾರರ ಪಕ್ಕದಲ್ಲಿ ಹೋಗಿ ಕೂತೆ. ಅವರು ಏನೂ ಕೇಳದೆ ಜರುಗಿ ಜಾಗ ಕೊಟ್ಟರು. ಆ ಬದಿಯ ಬಾಗಿಲ ರೆಕ್ಕೆಯ ಚಿಲಕ ತುಕ್ಕು ಹಿಡಿದಿದೆ, ವರ್ಷಗಳಿಂದ ತೆಗೆದಂತಿಲ್ಲ. ಫ್ಯಾನು ಇರುವುದು ಮುಂದಿನ ಸಾಲುಗಳಿಗೆ. ಅಲ್ಲಿ ಒಂದಿಷ್ಟೂ ಗಾಳಿಯಿಲ್ಲ.

ನಮಸ್ಕಾರ.