ಮಾನಿಟರ್ ಬಿಡಿ, 43 ಇಂಚಿನ ಟಿವಿ ತಗೊಳ್ಳಿ

ನಮಸ್ಕಾರ. ಕಾಸರಗೋಡಿನಲ್ಲಿ ಕೂತು ಅಕ್ಷರದ ಕೆಲಸ ಮಾಡುವವರಿಗೆ ಇವತ್ತಿನ ಮಾತು. ಡಿಟಿಪಿ ಮಾಡುವವರು, ಅನುವಾದ ಮಾಡುವವರು, ಆಧಾರ (ಜಾಗದ ನೋಂದಣಿ ಪತ್ರ) ಬರೆಯುವವರು, ಶಾಲೆಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಕೊಡುವವರು, ಎಲ್ಲರಿಗೂ. ಹೊಸ ಮಾನಿಟರ್ ತಗೊಳ್ಳುವ ಯೋಚನೆಯಲ್ಲಿದ್ದರೆ ನನ್ನ ಅಭಿಪ್ರಾಯ ಇಷ್ಟೆ: ಮಾನಿಟರ್ ಬಿಡಿ, 43 ಇಂಚಿನ 4ಕೆ ಟಿವಿ ತಗೊಳ್ಳಿ. ಮೇಜಿನ ಮೇಲೆಯೇ ಇಟ್ಟು ಅದರಲ್ಲೇ ಕೆಲಸ ಮಾಡಿ. ಆದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡ್ಲಿಕ್ಕುಂಟು. ಅದನ್ನು ಮಾಡದೆ ತಂದರೆ ಆ ಟಿವಿ ಕ್ರಿಕೆಟ್ ನೋಡ್ಲಿಕ್ಕೆ ಮಾತ್ರ ಆದೀತು.

ನಮ್ಮ ಕಡೆ ದೊಡ್ಡ ಪರದೆ ಯಾಕೆ ಬೇಕು ಅಂತ ಮೊದಲು ಹೇಳ್ತೇನೆ. ಗಡಿಯಲ್ಲಿರುವವರಿಗೆ ಒಂದೇ ಕಾಗದ ನೋಡಿ ಮುಗಿಯುವ ಕೆಲಸ ಕಡಿಮೆ. ಕಚೇರಿಯಿಂದ ಬರುವ ಆದೇಶ ಮಲಯಾಳದಲ್ಲಿರ್ತದೆ, ಅದನ್ನು ಓದುವವರಿಗೆ ಕನ್ನಡ ಬೇಕು. ಜಾಗದ ದಾಖಲೆ ತೆಗೆದರೆ 1956ರ ನವೆಂಬರ್ 1ಕ್ಕೆ, ಅಂದರೆ ಕಾಸರಗೋಡು ಕೇರಳಕ್ಕೆ ಸೇರುವುದಕ್ಕೆ, ಮೊದಲಿನವು ದಕ್ಷಿಣ ಕನ್ನಡ ಜಿಲ್ಲೆಯ ಕಾಲದವು, ಕನ್ನಡದಲ್ಲಿ ಬರೆದವು ಬೇಕಾದಷ್ಟು ಸಿಗ್ತವೆ. ಆಮೇಲಿನ ಕಾಗದಗಳಲ್ಲಿ ಮಲಯಾಳ. ಎಡಗಡೆ ಹಳೆಯ ಆಧಾರದ ಸ್ಕ್ಯಾನ್, ಪಕ್ಕದಲ್ಲಿ ಮಲಯಾಳ ಪ್ರತಿ, ಅದರ ಪಕ್ಕದಲ್ಲಿ ನಾವು ಟೈಪ್ ಮಾಡ್ತಾ ಇರುವ ಕನ್ನಡ, ಮತ್ತೊಂದು ಮೂಲೆಯಲ್ಲಿ ನಿಘಂಟು. ಸಣ್ಣ ಪರದೆಯಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವಷ್ಟರಲ್ಲಿ ಸರ್ವೆ ನಂಬ್ರದ ಒಂದು ಅಂಕೆ ತಲೆಯಿಂದ ಜಾರಿ ಹೋಗ್ತದೆ. ಅಂಥ ಒಂದು ಅಂಕೆ ತಪ್ಪಿದರೆ ಒಂದು ಕುಟುಂಬ ವಿಲೇಜ್ ಆಫೀಸಿಗೂ ತಾಲೂಕಾಫೀಸಿಗೂ ಅಲೆಯಬೇಕಾಗ್ತದೆ. ಹಾಗಾಗಿ ದೊಡ್ಡ ಪರದೆಯನ್ನು ಶೋಕಿ ಅಂತ ನಾನು ಒಪ್ಪುವುದಿಲ್ಲ.

ಈಗ ಅಳತೆ ನೋಡಿ. 43 ಇಂಚಿನ ಟಿವಿಯ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 53 ಸೆಂಟಿಮೀಟರ್ ಎತ್ತರ. ಎ4 ಹಾಳೆ 21 ಸೆಂಟಿಮೀಟರ್ ಅಗಲ. ಅಂದರೆ ನಾಲ್ಕು ಎ4 ಹಾಳೆಗಳು ಅವುಗಳ ನಿಜ ಗಾತ್ರದಲ್ಲೇ ಸಾಲಾಗಿ ಕೂರ್ತವೆ, ಕೆಳಗೆ ವಾಟ್ಸಾಪ್ ತೆರೆದಿಡುವಷ್ಟು ಜಾಗ ಮತ್ತೂ ಉಳಿಯುತ್ತದೆ. 24 ಇಂಚಿನ ಮಾನಿಟರಿನಲ್ಲಿ ಎರಡು ಹಾಳೆ ಇಟ್ಟರೆ ಮೆನುಪಟ್ಟಿಯೇ ಒಂದಷ್ಟನ್ನು ನುಂಗಿ ಹಾಕ್ತದೆ. ಪಿಕ್ಸೆಲ್ (ಪರದೆಯ ಚುಕ್ಕೆ) ಲೆಕ್ಕವೂ ಹಾಗೆಯೇ: 4ಕೆ ಅಂದರೆ 3840 ಅಡ್ಡಕ್ಕೆ, 2160 ಉದ್ದಕ್ಕೆ, ಒಟ್ಟು 82 ಲಕ್ಷಕ್ಕಿಂತ ಹೆಚ್ಚು. ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಇಪ್ಪತ್ತೊಂದೂವರೆ ಇಂಚಿನ ನಾಲ್ಕು ಫುಲ್ ಎಚ್‌ಡಿ ಮಾನಿಟರುಗಳನ್ನು ನಡುವೆ ಪಟ್ಟಿಯೇ ಇಲ್ಲದೆ ಜೋಡಿಸಿದರೆ ಎಷ್ಟಾಗ್ತದೋ ಅಷ್ಟು.

43 ಇಂಚು ಅಂತ ಒತ್ತಿ ಹೇಳುವುದಕ್ಕೆ ಕಾರಣ ಉಂಟು. ಆ ಗಾತ್ರದಲ್ಲಿ ಒಂದು ಇಂಚಿಗೆ ಸುಮಾರು 102 ಪಿಕ್ಸೆಲ್ ಬರ್ತದೆ. ನಾವು ಬಳಸಿ ರೂಢಿಯಾದ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ 92. ಹಾಗಾಗಿ ವಿಂಡೋಸಿನಲ್ಲಿ ಅಕ್ಷರ ಹಿಗ್ಗಿಸದೆ, ನೂರು ಪರ್ಸೆಂಟಿನಲ್ಲೇ ಓದಬಹುದು. 55 ಇಂಚಿಗೆ ಹೋದರೆ ಅದು 80ಕ್ಕೆ ಇಳಿಯುತ್ತದೆ, ಅಂಚು ಒರಟಾಗಿ ಕಾಣ್ತದೆ, ಕುತ್ತಿಗೆ ಆಚೆ ಈಚೆ ತಿರುಗಿಸಿ ತಿರುಗಿಸಿ ನೋವು ಬರ್ತದೆ. ಇನ್ನು 32 ಇಂಚಿನ ಅಗ್ಗದ ಟಿವಿಗಳ ಹತ್ತಿರ ಹೋಗಲೇಬೇಡಿ. ಅವುಗಳಲ್ಲಿ ಹೆಚ್ಚಿನವು ಎಚ್‌ಡಿ ರೆಡಿ, 1366ಕ್ಕೆ 768. ಟೈಪಿಂಗಿಗೆ ಅದು ಆಗುವುದಿಲ್ಲ.

ಬೆಲೆಯ ಮಾತು ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. 43 ಇಂಚಿನ 4ಕೆ ಟಿವಿ ಇಪ್ಪತ್ತರಿಂದ ಮೂವತ್ತು ಸಾವಿರದೊಳಗೆ ಸಿಗ್ತದೆ. ಅದೇ ಗಾತ್ರದ 4ಕೆ ಮಾನಿಟರ್ ಕೇಳಿ ನೋಡಿ, ಆ ದುಡ್ಡಿಗೆ ಬರುವುದಿಲ್ಲ.

ಇನ್ನು ಆ ಪರೀಕ್ಷೆ. ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ, ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ, ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಟಿವಿ ಮಾಡಿರುವುದು ಸಿನಿಮಾಕ್ಕೆ. ಸಿನಿಮಾದಲ್ಲಿ ಬೆಳಕಿನ ಮಾಹಿತಿ ಒಂದೊಂದು ಪಿಕ್ಸೆಲಿಗೂ ಬೇರೆ ಬೇರೆ ಇರ್ತದೆ, ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲಿಗೆ ಸೇರಿ ಒಂದೇ. ಅದಕ್ಕೆ 4:2:0 ಅಂತ ಹೇಳ್ತಾರೆ. ಮನುಷ್ಯರ ಕಣ್ಣು ಬೆಳಕಿನ ವ್ಯತ್ಯಾಸವನ್ನು ಸೂಕ್ಷ್ಮವಾಗಿ ಹಿಡಿಯುತ್ತದೆ, ಬಣ್ಣದ್ದನ್ನು ಅಷ್ಟು ಹಿಡಿಯುವುದಿಲ್ಲ, ಹಾಗಾಗಿ ಮುಖ, ಮರ, ಸಮುದ್ರ ತೋರಿಸುವಾಗ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಷರಕ್ಕೆ ಮಾತ್ರ ಅದು ಆಗದು. ಕಂಪ್ಯೂಟರ್ ಪ್ರತಿ ಪಿಕ್ಸೆಲಿಗೂ ಪೂರ್ತಿ ಬಣ್ಣ ಕಳಿಸಬೇಕು, ಟಿವಿ ಅದನ್ನು ಕೆಡಿಸದೆ ತೋರಿಸಬೇಕು. ಅದು 4:4:4. ಕೆಲವು ಅಗ್ಗದ ಟಿವಿಗಳು ಇದನ್ನು ಮಾಡ್ತವೆ, ಕೆಲವು ಏನು ಮಾಡಿದರೂ ಮಾಡುವುದಿಲ್ಲ.

ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು. ಕಳಿಯಾಟದ ಆಮಂತ್ರಣ ಪತ್ರಿಕೆ ನೆನಪು ಮಾಡಿಕೊಳ್ಳಿ. ಹಳದಿ ಕಾಗದ, ಕೆಂಪು ಅಕ್ಷರ, ಮೇಲ್ಗಡೆ ‘ಶ್ರೀ ವಿಷ್ಣುಮೂರ್ತಿ’. ಆ ‘ಷ್ಣು’ವಿನಲ್ಲಿ ಷಕಾರದ ಹೊಟ್ಟೆಯೊಳಗಿನ ಗೀಟು, ಕೆಳಗೆ ಣಕಾರದ ಒತ್ತು, ಬದಿಯಲ್ಲಿ ಕೊಂಬು, ‘ರ್ತಿ’ಯಲ್ಲಿ ಅರ್ಕಾವತ್ತು. ಇದೆಲ್ಲ ಬೆರಳೆಣಿಕೆಯ ಪಿಕ್ಸೆಲುಗಳಲ್ಲಿ ಆಗುವ ಕೆಲಸ. ಬಣ್ಣ ನಾಲ್ಕು ಪಿಕ್ಸೆಲಿಗೆ ಹರಡಿಕೊಂಡರೆ ಕೆಂಪು ಒತ್ತಿನ ಸುತ್ತ ಮಾಸಲು ಅಂಚು ಬರ್ತದೆ, ಸಣ್ಣ ಅಕ್ಷರದಲ್ಲಿ ಒತ್ತು ಯಾವುದೆಂದು ಊಹಿಸಬೇಕಾಗ್ತದೆ. ಒಳಪುಟದಲ್ಲಿ ಸಮಿತಿಯವರ ಹೆಸರುಗಳು ಸಣ್ಣ ಅಕ್ಷರದಲ್ಲಿ ಸಾಲುಸಾಲಾಗಿರ್ತವೆ. ಊಹೆಯಲ್ಲಿ ಕರಡು ತಿದ್ದುವ ಪುಟವಲ್ಲ ಅದು.

ಹಾಗಾಗಿ ಅಂಗಡಿಗೆ ಹೋಗುವಾಗ ಸ್ವಂತ ಲ್ಯಾಪ್‌ಟಾಪ್ ಮತ್ತು ಎಚ್‌ಡಿಎಂಐ ಕೇಬಲ್ ತಗೊಂಡು ಹೋಗಿ. ಒಂದು ಪುಟ ಮೊದಲೇ ತಯಾರು ಮಾಡಿಟ್ಟುಕೊಳ್ಳಿ: ಹಳದಿಯ ಮೇಲೆ ಕೆಂಪು ಅಕ್ಷರದಲ್ಲಿ ಒತ್ತು ತುಂಬಿದ ನಾಲ್ಕು ಸಾಲು, ಅದರ ಕೆಳಗೆ ಅದೇ ಸಾಲುಗಳು ಕೆಂಪಿನ ಮೇಲೆ ನೀಲಿಯಲ್ಲಿ. ದೋಷ ಹೆಚ್ಚು ಸ್ಪಷ್ಟವಾಗಿ ಕಾಣುವುದು ಕೆಂಪು ನೀಲಿಯಲ್ಲಿ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರ ನೋಡಿ ತೃಪ್ತಿ ಪಡಬೇಡಿ, ಕಪ್ಪು ಬಿಳಿಯಲ್ಲಿ ಈ ದೋಷ ಅಡಗಿ ಕೂತಿರ್ತದೆ. ಪುಟ ಮಸುಕಾಗಿ ಕಂಡರೆ ಕೂಡಲೇ ಬೇಡ ಅನ್ನಬೇಡಿ. ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳಲ್ಲಿ ಇನ್‌ಪುಟ್ ಪಟ್ಟಿಗೆ ಹೋಗಿ ಆ ಎಚ್‌ಡಿಎಂಐಗೆ ‘ಪಿಸಿ’ ಅಂತ ಗುರುತು ಕೊಟ್ಟರೆ ಅಕ್ಷರ ಕಣ್ಣೆದುರೇ ಚುರುಕಾಗ್ತದೆ. ಬೇರೆ ಕಂಪೆನಿಯವುಗಳಲ್ಲಿ ಗೇಮ್ ಮೋಡ್ ಹಾಕಿ ನೋಡಿ. ಎಲ್ಲ ಮಾಡಿದ ಮೇಲೂ ಸರಿಯಾಗದಿದ್ದರೆ ಆ ಮಾಡೆಲ್ ಬೇಡ, ಎಷ್ಟು ಡಿಸ್ಕೌಂಟ್ ಕೊಟ್ಟರೂ ಬೇಡ. ಲ್ಯಾಪ್‌ಟಾಪ್ ಜೋಡಿಸಲು ಬಿಡದ ಅಂಗಡಿಯಿದ್ದರೆ ಅಲ್ಲಿಂದ ಎದ್ದು ಬನ್ನಿ. ಮಂಗಳೂರಿಗೆ ಹೋಗಿಯಾದರೂ ನೋಡಿ ತಗೊಳ್ಳಿ.

ಇನ್ನೊಂದು ಹರ್ಟ್ಜಿನ ವಿಷಯ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಬಾರಿ ಬದಲಾಗ್ತದೆ ಅನ್ನುವುದು. 2013ರಲ್ಲಿ ಅಮೆರಿಕದಲ್ಲಿ ಸೈಕಿ ಎಂಬ ಕಂಪೆನಿ 39 ಇಂಚಿನ 4ಕೆ ಟಿವಿಯನ್ನು 700 ಡಾಲರಿಗೆ ತಂದಾಗ ಪ್ರೋಗ್ರಾಮರುಗಳು ಅದನ್ನು ಮಾನಿಟರ್ ಮಾಡಿಕೊಂಡಿದ್ದರು. ಆದರೆ ಅದರ ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತಿತ್ತು, ಮೌಸ್ ಎಳೆದರೆ ಬಾಣ ಕುಂಟುತ್ತಾ ಬರ್ತದೆ. ಎಚ್‌ಡಿಎಂಐ 2.0ರಲ್ಲಿ 60 ಸಿಗ್ತದೆ. ಈಗಿನ ಟಿವಿಗಳಲ್ಲಿ ಅದುಂಟು, ತೊಂದರೆ ನಮ್ಮ ಹಳೆಯ ಕಂಪ್ಯೂಟರಿನದು. ಎಂಟನೇ, ಒಂಬತ್ತನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನ ಸ್ವಂತ ಗ್ರಾಫಿಕ್ಸಿನಿಂದ ಬರುವುದು 1.4 ಮಾತ್ರ. ಸಿಪಿಯು ಹಿಂದೆ ಡಿಸ್‌ಪ್ಲೇಪೋರ್ಟ್ ಎಂಬ ಕಿಂಡಿ ಇದ್ದರೆ ಅದನ್ನು ಎಚ್‌ಡಿಎಂಐ 2.0ಕ್ಕೆ ಬದಲಿಸುವ ಆ್ಯಕ್ಟಿವ್ ಅಡಾಪ್ಟರ್ ಸಾಕು. ಇಲ್ಲದಿದ್ದರೆ ಎನ್‌ವಿಡಿಯಾ ಜಿಟಿ 1030ರಂಥ ಸಣ್ಣ ಕಾರ್ಡ್ ಹಾಕಬಹುದು. ಜಿಟಿ 710 ಹಾಕಬೇಡಿ, ಅದೂ 30ರಲ್ಲೇ ನಿಲ್ತದೆ.

ಮನೆಗೆ ತಂದ ಮೇಲೆ ಶಾರ್ಪ್‌ನೆಸ್ ಇಳಿಸಿ, ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಪರದೆಯ ಅಂಚು ಕತ್ತರಿಸಿ ತೋರಿಸುವ ಓವರ್‌ಸ್ಕ್ಯಾನ್ ತೆಗೆಯಿರಿ, ಬ್ರೈಟ್‌ನೆಸ್ ಚೆನ್ನಾಗಿ ಕಡಿಮೆ ಮಾಡಿ. ಹಾಲ್‌ನ ಆಚೆ ಗೋಡೆಯಿಂದ ನೋಡಲಿಕ್ಕೆ ಇಟ್ಟ ಬೆಳಕು ಒಂದು ಕೈ ದೂರದಲ್ಲಿ ಕಣ್ಣಿಗೆ ಚುಚ್ಚುತ್ತದೆ. ಮೇಜು ಅಗಲ ಬೇಕು, ಪರದೆ ಕಣ್ಣಿನಿಂದ ಮುಕ್ಕಾಲು ಮೀಟರಿಗಿಂತ ಆಚೆ ಇರಬೇಕು. ಅಷ್ಟು ಜಾಗ ಇಲ್ಲದವರಿಗೆ ಇದು ಬೇಡ. ಆಫ್‌ಸೆಟ್ ಮುದ್ರಣಕ್ಕೆ ಬಣ್ಣ ಹೊಂದಿಸುವವರೂ ಇದನ್ನು ನಂಬಬೇಡಿ. ಅಗ್ಗದ ಪರದೆಯಲ್ಲಿ ಮಧ್ಯದ ಬಣ್ಣ ಬೇರೆ, ಮೂಲೆಯ ಬಣ್ಣ ಬೇರೆ.

ವೈಫೈ ಕೊಡಬೇಡಿ, ಇದು ನನ್ನ ಗಟ್ಟಿ ಮಾತು. ಪರದೆಯಲ್ಲಿ ಏನು ಓಡ್ತಾ ಉಂಟು ಅಂತ ಗುರುತಿಸಿ ಕಂಪೆನಿಗೆ ಕಳಿಸುವ ವ್ಯವಸ್ಥೆ ಹಲವು ಸ್ಮಾರ್ಟ್ ಟಿವಿಗಳಲ್ಲುಂಟು. ಒಪ್ಪಿಗೆ ಇಲ್ಲದೆ ಹಾಗೆ ಮಾಡಿದ್ದಕ್ಕೆ ಅಮೆರಿಕದ ವಿಜಿಯೊ ಕಂಪೆನಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿತು. ನಮ್ಮ ಪರದೆಯಲ್ಲಿರುವುದು ಜನ ನಮ್ಮನ್ನು ನಂಬಿ ಕೊಟ್ಟ ಜಾಗದ ಕಾಗದ, ಪಾಲುಪಟ್ಟಿ, ಆಧಾರ್ ಕಾರ್ಡ್. ಟಿವಿಗೆ ಇಂಟರ್ನೆಟ್ ಕೊಡದಿದ್ದರೆ ಆ ಚಿಂತೆಯೇ ಇಲ್ಲ. ಕಂಪ್ಯೂಟರಿಗೆ ಹೇಗೂ ಉಂಟಲ್ಲ.

ಕೊನೆಗೆ ಕರೆಂಟಿನ ವಿಷಯ. 24 ಇಂಚಿನ ಮಾನಿಟರಿಗಿಂತ ಇದು ಕೆಲವು ಪಟ್ಟು ಹೆಚ್ಚು ವಿದ್ಯುತ್ ಎಳೆಯುತ್ತದೆ, ಬ್ರೈಟ್‌ನೆಸ್ ಇಳಿಸಿದರೆ ಅದೂ ಇಳಿಯುತ್ತದೆ. ಇನ್ವರ್ಟರ್ ಎಷ್ಟು ಹೊತ್ತು ಬರ್ತದೆ ಅಂತ ಮೊದಲೇ ಲೆಕ್ಕ ಹಾಕಿ. ತುಲಾ ಮಾಸದ ಮಳೆಯಲ್ಲಿ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಟಿವಿಯ ಪ್ಲಗ್ಗನ್ನೂ ಕಂಪ್ಯೂಟರಿನ ಪ್ಲಗ್ಗನ್ನೂ ತೆಗೆದಿಡಿ, ಮೋಡೆಮ್ಮಿಗೆ ಹೋಗುವ ವಯರನ್ನೂ ಕಳಚಿ. ಎಚ್‌ಡಿಎಂಐ ಕೇಬಲಿನಲ್ಲಿ ಎರಡೂ ಜೋಡಿಕೊಂಡಿರ್ತವೆ, ಒಂದಕ್ಕೆ ಸಿಡಿಲಿನ ಏಟು ಬಿದ್ದರೆ ಇನ್ನೊಂದಕ್ಕೂ ದಾಟ್ತದೆ.