ಹುಲಿ ಇಲ್ಲದ ದೇಶದಲ್ಲಿ ಕಡವೆ ಯಾಕೆ ಕೂಗುತ್ತದೆ? ದೊಡ್ಡಪ್ಪನ ನ್ಯೂಜಿಲೆಂಡ್ ಷಿಕಾರಿ

[ಕತ್ತಲೆ. ಮೊಬೈಲ್ ಪರದೆ. ವಾಯ್ಸ್ ಮೆಸೇಜ್ ಶುರುವಾಗುತ್ತದೆ.]

"ಏ ಮಾರಾಯ, ಇಲ್ಲಿ ಕಡವೆ ಇದಾವಂತೆ ಕಣೋ. ಹೊಡೆದರೆ ಯಾರೂ ಏನೂ ಅನ್ನಲ್ವಂತೆ. ನಿಜವಾ ಸುಳ್ಳಾ ನೋಡಿ ಹೇಳು."

ಇದು ನನ್ನ ದೊಡ್ಡಪ್ಪ. ಕಡವೆ ಅಂದರೆ ನಮ್ಮ ಕಾಡಿನ ದೊಡ್ಡ ಜಿಂಕೆ, ಸಾಂಬಾರ್ ಅಂತಾರಲ್ಲ, ಅದು. ಮೂಡಿಗೆರೆ ಕಡೆಯವರು, ವಯಸ್ಸು 71. ಈಗ ಮಗಳು-ಅಳಿಯನ ಜೊತೆ ನ್ಯೂಜಿಲೆಂಡಿನ ಪಾಮರ್‌ಸ್ಟನ್ ನಾರ್ತ್ ಎಂಬ ಊರಿನಲ್ಲಿದ್ದಾರೆ. ಅಲ್ಲಿ ಅವರಿಗೆ ಇದ್ದ ಕೆಲಸ ಎರಡೇ. ಬೆಳಗ್ಗೆ ವಾಕಿಂಗ್, ಸಂಜೆ ವಾಕಿಂಗ್. ಈಗ ಮೂರನೆಯದು ಹುಟ್ಟಿಕೊಂಡಿದೆ.

[ಟೈಟಲ್]

ನಮಸ್ಕಾರ. ಮೊದಲು ನಮ್ಮ ಊರಿನ ಕಥೆ, ಬೇಗ ಮುಗಿಸುತ್ತೇನೆ. ದೊಡ್ಡಪ್ಪ ಹುಡುಗನಾಗಿದ್ದಾಗ ಅಜ್ಜನ ಹಿಂದೆ ಮರಸಿಗೆ ಹೋಗುತ್ತಿದ್ದರು. ಮರಸು ಅಂದರೆ ಹಣ್ಣು ಬೀಳುವ ಮರದ ಮೇಲೋ ನೀರಿನ ಹತ್ತಿರವೋ ಉಸಿರು ಬಿಗಿಹಿಡಿದು ಕಾಯುವುದು. ಅವರಿಗೆ ಹದಿನೆಂಟಾಗುವ ಹೊತ್ತಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಜ್ಜನ ಕೇಪಿನ ಕೋವಿ ಅಟ್ಟ ಹತ್ತಿತು. ಆಮೇಲೂ ಅಲ್ಪಸ್ವಲ್ಪ ಲೈಸೆನ್ಸ್ ಬೇಟೆ ಉಳಿದಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಹಾಕಿತು. ಅವತ್ತಿನಿಂದ ಮಲೆನಾಡಿನಲ್ಲಿ ಯಾರೂ ಕಾಡುಹಂದಿ ತಿಂದಿಲ್ಲ. ಹಾಗಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಕೊಡಗಿನವರು ಈಗಲೇ ಕಾಮೆಂಟ್ ಟೈಪ್ ಮಾಡುತ್ತಿರುತ್ತೀರಿ, ಗೊತ್ತು. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜೆ ಮಾಡುತ್ತೀರಿ. ಸರಿ. ಆದರೆ ವಿನಾಯಿತಿ ಇರುವುದು ಕೋವಿಗೆ, ಕಾಡುಪ್ರಾಣಿ ಹೊಡೆಯುವುದಕ್ಕಲ್ಲ. ಈ ವಿಡಿಯೋ ನೋಡಿ ಯಾರೂ ಅಟ್ಟ ಹತ್ತಬೇಡಿ.

ಈಗ ನ್ಯೂಜಿಲೆಂಡ್. ಆ ದೇಶದ ಮೂಲ ನೆಲದ ಸಸ್ತನಿ ಯಾವುದು ಗೊತ್ತಾ? ಬಾವಲಿ. ಅಷ್ಟೇ. ಜಿಂಕೆ, ಹಂದಿ, ಮೊಲ, ಆಡು, ಎಲ್ಲವೂ ಹಡಗಿನಲ್ಲಿ ಬಂದವು. ಬ್ರಿಟಿಷರು 1851ರಲ್ಲಿ ಕೆಂಪು ಜಿಂಕೆ ತಂದು ಬಿಟ್ಟರು. ತಿನ್ನುವ ಹುಲಿಯಿಲ್ಲ, ಓಡಿಸುವ ಕೆನ್ನಾಯಿ ಇಲ್ಲ. ಕಾಡಿನ ಸಸಿಗಳನ್ನೆಲ್ಲ ಮೇಯ್ದು, ಮಣ್ಣು ಕೊಚ್ಚಿಹೋಗುವ ಮಟ್ಟಕ್ಕೆ ಅವು ಬೆಳೆದವು. 1930ರಲ್ಲಿ ಸರ್ಕಾರ ಜಿಂಕೆಗಿದ್ದ ರಕ್ಷಣೆ ತೆಗೆದುಹಾಕಿ, ಸಂಬಳ ಕೊಟ್ಟು ಹೊಡೆಸಲು ಶುರು ಮಾಡಿತು. ಆಮೇಲೆ ಹೆಲಿಕಾಪ್ಟರ್ ಬಂತು. 70ರ ದಶಕದಲ್ಲಿ ಜನ ಹೆಲಿಕಾಪ್ಟರಿನಿಂದ ಜಿಂಕೆಯ ಬೆನ್ನ ಮೇಲೆ ಹಾರಿ ಜೀವಂತ ಹಿಡಿದು ಫಾರ್ಮಿಗೆ ಮಾರುತ್ತಿದ್ದರು. ಅದಕ್ಕೆ ಬೇರೆ ವಿಡಿಯೋನೇ ಬೇಕು.

ನಮ್ಮ ಹಿಮಾಲಯದ ತಾರ್ ಅನ್ನೋ ಕಾಡಾಡೂ ಅಲ್ಲಿದೆ. 1904ರಲ್ಲಿ ಕುಕ್ ಪರ್ವತದ ಬುಡದಲ್ಲಿ ಬಿಟ್ಟರು. ನಮ್ಮ ಕಡೆ ಅದನ್ನು ಮುಟ್ಟಿದರೆ ಕೇಸು. ಅಲ್ಲಿ ಅದು 10,000 ದಾಟಬಾರದು ಅಂತ 1993ರಲ್ಲೇ ಸರ್ಕಾರಿ ಯೋಜನೆ ಬರೆದಿಟ್ಟಿದ್ದಾರೆ. ಒಂದೇ ಪ್ರಾಣಿ. ಒಂದು ಕಡೆ ಅದರ ಸಂಖ್ಯೆ ಇಳಿದೀತು ಅನ್ನುವ ಚಿಂತೆ, ಇನ್ನೊಂದು ಕಡೆ ಏರೀತು ಅನ್ನುವ ಚಿಂತೆ.

ಈಗ ದೊಡ್ಡಪ್ಪನ ಕಡವೆಗೆ ಬರೋಣ. ನಾನು ಎರಡು ದಿನ ನಿದ್ದೆಗೆಟ್ಟಿದ್ದು ಇದಕ್ಕೇ.

[ನಕ್ಷೆ: ಶ್ರೀಲಂಕಾದಿಂದ ನ್ಯೂಜಿಲೆಂಡಿಗೆ ಗೆರೆ]

1875ರ ಸುಮಾರಿಗೆ ಶ್ರೀಲಂಕಾದಿಂದ ಬೆರಳೆಣಿಕೆಯ ಕಡವೆಗಳನ್ನು ಹಡಗು ಹತ್ತಿಸಿ ಮನವತೂ ಎಂಬ ಸೀಮೆಯಲ್ಲಿ ಇಳಿಸಿದರು. ಪಾಮರ್‌ಸ್ಟನ್ ನಾರ್ತ್ ಇರುವುದೇ ಮನವತೂನಲ್ಲಿ! ಅಂದರೆ 71ರ ವಯಸ್ಸಿನಲ್ಲಿ ದೊಡ್ಡಪ್ಪ ಅರ್ಧ ಭೂಮಿ ದಾಟಿ ಹೋಗಿ ಇಳಿದದ್ದು ಕಡವೆಗಳ ಬೀದಿಯಲ್ಲೇ. ನಮ್ಮದೇ ಜಾತಿಯ ಕಡವೆ. ಅದೇ ಒರಟು ಕಂದು ಮೈ, ಮೂರು ಕವಲಿನ ಕೊಂಬು, ಗಂಡು 250 ಕೆಜಿ ದಾಟುತ್ತದೆ. ಹಗಲು ಜೌಗಿನಲ್ಲೋ ಪೈನ್ ತೋಪಿನಲ್ಲೋ ಮಲಗಿ ಕತ್ತಲಾದ ಮೇಲೆ ಹುಲ್ಲಿಗೆ ಇಳಿಯುವ ಅದೇ ಬುದ್ಧಿ.

ಮತ್ತು ಅದೇ ಕೂಗು. ನಾಗರಹೊಳೆ ಸಫಾರಿಗೆ ಹೋದವರಿಗೆ ಗೊತ್ತು. ಚುಕ್ಕೆ ಜಿಂಕೆ ಕೂಗಿದರೆ ಡ್ರೈವರ್ ತಲೆ ಎತ್ತುತ್ತಾನೆ. ಕಡವೆ "ಪೋಂಕ್" ಅಂದರೆ ಇಂಜಿನ್ನೇ ಆಫ್ ಮಾಡುತ್ತಾನೆ. ಕಡವೆ ಸುಮ್ನೆ ಕೂಗುವುದಿಲ್ಲ ಅನ್ನುವುದು ಕಾಡಿನವರ ನಂಬಿಕೆ. ಬಾಲ ನಿಗುರಿಸಿ, ಮುಂಗಾಲಿನಿಂದ ನೆಲ ಗುದ್ದಿ, ಹಳೇ ಲಾರಿ ಹಾರ್ನ್ ಒಂದೇ ಸಲ ಒತ್ತಿದ ಹಾಗೆ ಕೂಗುತ್ತದೆ. ಹುಲಿ ಹತ್ತಿರದಲ್ಲೇ ಇದೆ ಅಂತ ಅರ್ಥ.

ಯಾರಾದರೂ ತಪ್ಪು ಹಿಡಿಯುವ ಮೊದಲು ನಾನೇ ಹೇಳುತ್ತೇನೆ. ಶ್ರೀಲಂಕಾದಲ್ಲಿ ಹುಲಿ ಇಲ್ಲ, ಚಿರತೆ ಇದೆ. ನ್ಯೂಜಿಲೆಂಡಿನಲ್ಲಿ ಅದೂ ಇಲ್ಲ. ಅಲ್ಲಿನ ಕಡವೆಗಳು 150 ವರ್ಷದಿಂದ ಒಂದೂ ದೊಡ್ಡ ಬೆಕ್ಕಿನ ಮುಖ ನೋಡಿಲ್ಲ. ಆದರೂ ಕೂಗುತ್ತವೆ! ಅಲ್ಲಿನ ಬೇಟೆಗಾರರಿಗೆ ಆ ಕೂಗು ಕೇಳಿಸಿತು ಅಂದರೆ ಕೆಲಸ ಕೆಟ್ಟಿತು ಅಂತ ಲೆಕ್ಕ. ಮಲೆನಾಡಿನ ಅಜ್ಜಿ ಬೆಂಗಳೂರಿನ ಒಂಬತ್ತನೇ ಮಹಡಿಯ ಫ್ಲ್ಯಾಟಿಗೆ ಬಂದರೂ ಸಂಜೆಯಾದರೆ "ಕೋಳಿಗೂಡು ಮುಚ್ಚಿದ್ಯೇನೇ?" ಅಂತ ಕೇಳುವುದಿಲ್ಲವೇ, ಹಾಗೆ. ನನ್ನ ಎಡಿಟರ್ ಈ ಭಾಗ ಕತ್ತರಿಸು ಅಂದ. ಕತ್ತರಿಸುವುದಿಲ್ಲ.

ಸರಿ, ಕೇಳಿದ ಪ್ರಶ್ನೆ: ದೊಡ್ಡಪ್ಪ ಹೋಗಬಹುದಾ? ಹೋಗಬಹುದು. ಆದರೆ "ಯಾರೂ ಏನೂ ಅನ್ನಲ್ಲ" ಅನ್ನುವುದು ಸುಳ್ಳು. ಪ್ರಾಣಿ ಬಗ್ಗೆ ಜಾಸ್ತಿ ಕೇಳುವುದಿಲ್ಲ, ಮನುಷ್ಯನ ಬಗ್ಗೆ ತುಂಬಾ ಕೇಳುತ್ತಾರೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರ ಕೊಲೆಯಾಯಿತು. ಮುಂದಿನ ತಿಂಗಳೇ ಹೆಚ್ಚಿನ ಸೆಮಿ ಆಟೊಮ್ಯಾಟಿಕ್ ಬಂದೂಕುಗಳು ನಿಷೇಧವಾದವು. ಆಮೇಲೆ ಲೈಸೆನ್ಸ್ ನಿಯಮವೂ ಬಿಗಿಯಾಯಿತು. ಈಗ ನೋಡಿಕೊಳ್ಳುವ ಇಲಾಖೆಯ ಹೆಸರು ಮಾವೊರಿ ಭಾಷೆಯಲ್ಲಿದೆ, ತೆ ತಾರಿ ಪೂರೆಕೆ.

ಥಿಯರಿ ಪರೀಕ್ಷೆ, ಪ್ರಾಕ್ಟಿಕಲ್ ತರಬೇತಿ, ಅರ್ಜಿ, ಇಬ್ಬರು ಗುರುತು ಹೇಳುವವರು. ಅದರಲ್ಲಿ ಒಬ್ಬರು ಹೆಂಡತಿಯೋ ಮನೆಯವರೋ ಆಗಿರಬೇಕು. ದೊಡ್ಡಮ್ಮನನ್ನು ಕೂರಿಸಿಕೊಂಡು ಕೇಳಿದರಂತೆ, "ಇವರಿಗೆ ಸಿಟ್ಟು ಬಂದರೆ ಏನು ಮಾಡುತ್ತಾರೆ?" ದೊಡ್ಡಮ್ಮ ಕನ್ನಡದಲ್ಲೇ "ಊಟ ಬಿಡ್ತಾರೆ" ಅಂದರು. ಮಗಳು ಇಂಗ್ಲಿಷಿಗೆ ಮಾಡಿ ಹೇಳಿದಳು. ವಿಚಾರಿಸಲು ಬಂದ ಹೆಂಗಸು ಅದನ್ನೂ ಬರೆದುಕೊಂಡಳಂತೆ.

ಬಿಕ್ಕಟ್ಟಾಗಿದ್ದು ಬೀಗದ ಕೈಯಲ್ಲಿ. ಕೋವಿ ಉಕ್ಕಿನ ಪೆಟ್ಟಿಗೆಯಲ್ಲಿರಬೇಕು. ಕೀಲಿ ಲೈಸೆನ್ಸ್ ಇದ್ದವರ ಕೈಗೆ ಬಿಟ್ಟು ಬೇರೆ ಯಾರಿಗೂ ಸಿಗಬಾರದು, ಹೆಂಡತಿಗೂ. ನಮ್ಮ ಮನೆಯ ಗೊಂಚಲು 45 ವರ್ಷದಿಂದ ದೊಡ್ಡಮ್ಮನ ಸೊಂಟದಲ್ಲಿದೆ. ದೊಡ್ಡಪ್ಪ ತಮ್ಮ ಪೆನ್ಶನ್ ಪುಸ್ತಕಕ್ಕೂ ಅವರನ್ನೇ ಕೇಳಬೇಕು. ಈ ಒಂದು ಕೀಲಿಯ ಮಾತಿಗೆ ಮನೆಯಲ್ಲಿ ಎರಡು ದಿನ ಮೌನ.

ಪರೀಕ್ಷೆಯಲ್ಲಿ ಅವರು ಎಡವಿದ್ದು ನಾಲ್ಕನೇ ನಿಯಮದಲ್ಲಿ. ಅಲ್ಲಿ ಏಳು ಸುರಕ್ಷತಾ ನಿಯಮಗಳಿವೆ. ನಾಲ್ಕನೆಯದು: ಗುರಿ ಏನು ಅಂತ ಒಂದು ಚೂರೂ ಅನುಮಾನ ಉಳಿಯಬಾರದು. ಕೊಂಬು ಕಂಡರೆ ಸಾಲದು, ಬಣ್ಣ ಕಂಡರೆ ಸಾಲದು, ಅಲುಗಾಡಿದರಂತೂ ಸಾಲದು. ಜಿಂಕೆ ಅಂದುಕೊಂಡು ಜೊತೆಗಾರನನ್ನೇ ಹೊಡೆದ ಪ್ರಕರಣಗಳು ಅಲ್ಲಿ ಆಗಿವೆ. ನಮ್ಮ ಅಜ್ಜಂದಿರು ಸದ್ದಿಗೇ ಈಡು ಹೊಡೆಯುತ್ತಿದ್ದರು, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು ಕೂಡ. ನನಗೆ ಆ ಹೆಮ್ಮೆ ಅರ್ಥವಾಗಿದ್ದೇ ಇಲ್ಲ. ದೊಡ್ಡಪ್ಪ ಎರಡನೇ ಸಲಕ್ಕೆ ಪಾಸಾದರು.

[ಗಡಿಯಾರ]

ಟೈಮ್ ಆಗುತ್ತಿದೆ, ಉಳಿದದ್ದು ಒಂದೇ ಉಸಿರಿನಲ್ಲಿ. ದೇಶದ ಮೂರನೇ ಒಂದು ಭಾಗದಷ್ಟು ನೆಲ ಸರ್ಕಾರಿ ಸಂರಕ್ಷಣಾ ಭೂಮಿ. ಅಲ್ಲಿ ಬೇಟೆಗೆ ಆನ್‌ಲೈನ್ ಪರ್ಮಿಟ್, ದುಡ್ಡಿಲ್ಲ. ಹೆಚ್ಚಿನ ಕಡೆ ಜಿಂಕೆಗೆ ಸೀಸನ್ನೂ ಇಲ್ಲ, ಲೆಕ್ಕವೂ ಇಲ್ಲ. ರಾತ್ರಿ ಬೇಟೆ, ಸ್ಪಾಟ್‌ಲೈಟ್ ಎರಡೂ ಇಲ್ಲ. ಅಂದರೆ ಅಜ್ಜನ ಕಾಲದ ತಲೆಬ್ಯಾಟರಿ ವಿದ್ಯೆಗೆ ಅಲ್ಲಿ ಬೆಲೆಯಿಲ್ಲ. ಇಲಿ, ಪೋಸಮ್ ಎಂಬ ಮರ ಹತ್ತುವ ಪ್ರಾಣಿ ಕೊಲ್ಲಲು 1080 ಎಂಬ ವಿಷ ಹಾಕಿರುವ ಕಾಡು ಯಾವುದು ಅಂತ ಮೊದಲೇ ನೋಡಿಕೊಳ್ಳಬೇಕು, ನಾಯಿಗೆ ಅದು ಪ್ರಾಣಕ್ಕೇ ಕುತ್ತು. ಮಾಂಸ ಮನೆಗೆ ತರಬಹುದು, ಮಾರುವಂತಿಲ್ಲ. ಖಾಸಗಿ ಜಾಗವಾದರೆ ಮಾಲೀಕರನ್ನು ಕೇಳಬೇಕು. ಲೈಸೆನ್ಸ್ ಇಲ್ಲದವರು ಲೈಸೆನ್ಸ್ ಇರುವವರ ಕಣ್ಣೆದುರಿಗೇ, ಪಕ್ಕದಲ್ಲೇ ನಿಂತು ಮಾತ್ರ ಕೋವಿ ಮುಟ್ಟಬಹುದು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ಅಲ್ಲಿನ ಸಂರಕ್ಷಣಾ ಇಲಾಖೆಯ ವೆಬ್‌ಸೈಟ್ ನೋಡಿ.

ದೊಡ್ಡಪ್ಪ ಇನ್ನೂ ಕೋವಿ ಕೊಂಡಿಲ್ಲ. ಹೋದ ತಿಂಗಳು ಅಳಿಯನ ಸಹೋದ್ಯೋಗಿ ಒಬ್ಬ, ಅಲ್ಲೇ ಹುಟ್ಟಿ ಬೆಳೆದವನು, ತನ್ನ ಪರಿಚಯದ ಫಾರ್ಮಿಗೆ ಕರೆದುಕೊಂಡು ಹೋದ. ಕಿತ್ತಳೆ ಜಾಕೆಟ್ ಹಾಕಿ, ಪೈನ್ ತೋಪಿನ ಅಂಚಿನಲ್ಲಿ ಸಂಜೆ ಕೂತರು. ಇವರ ಕೈಯಲ್ಲಿ ಬೈನಾಕ್ಯುಲರ್ ಮಾತ್ರ. ಒಂದೂವರೆ ಗಂಟೆ ಏನೂ ಇಲ್ಲ. ಆಮೇಲೆ ಆ ಹುಡುಗ ಹುಲ್ಲಿನ ಆಚೆ ಏನೋ ಕಂಡು ರೈಫಲ್ ಎತ್ತುವಷ್ಟರಲ್ಲಿ ದೊಡ್ಡಪ್ಪ ಅವನ ತೋಳು ಹಿಡಿದರಂತೆ. ಬೆನ್ನಿಗೆ ತಣ್ಣಗೆ ಗಾಳಿ ಬಡಿಯುತ್ತಿತ್ತು, ಅವರಿಗೆ ಗೊತ್ತಾಗಿತ್ತು. ಫೋನಿನ ರೆಕಾರ್ಡಿಂಗ್ ಒತ್ತಿದರು. ಎಂಟು ಸೆಕೆಂಡ್ ಇದೆ, ಕೇಳಿ.

[ಆಡಿಯೋ: ಗಾಳಿ. ದೂರದಲ್ಲಿ "ಪೋಂಕ್". ನೆಲ ಗುದ್ದುವ ಸದ್ದು. ಮತ್ತೆ "ಪೋಂಕ್". ಪಿಸುದನಿಯಲ್ಲಿ ದೊಡ್ಡಪ್ಪ: "ನಮ್ಮ ವಾಸನೆ ಸಿಕ್ಕಿಬಿಡ್ತು ಮಾರಾಯ ಅದಕ್ಕೆ."]