ಉಳಿಸಿದ ಗ್ರಾಂಗಳು ಎಲ್ಲಿ ಹೋದವು? ಗಾಲ್ಫ್ ಡ್ರೈವರ್‌ನ ತೂಕದ ಲೆಕ್ಕ

ನಮಸ್ಕಾರ. ಪ್ರತಿ ವರ್ಷದ ಆರಂಭದಲ್ಲಿ ಗಾಲ್ಫ್ ಕಂಪನಿಗಳು ಹೊಸ ಡ್ರೈವರ್‌ಗಳನ್ನು (ಚೆಂಡನ್ನು ಅತಿ ದೂರಕ್ಕೆ ಹೊಡೆಯಲು ಬಳಸುವ ಕೋಲುಗಳನ್ನು) ಬಿಡುಗಡೆ ಮಾಡುತ್ತವೆ, ಮತ್ತು ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಕಾಣುವುದು ಯಾವುದಾದರೊಂದು ವಸ್ತುವಿನ ಹೆಸರು: ಒಮ್ಮೆ ಟೈಟಾನಿಯಂ, ಒಮ್ಮೆ ಕಾರ್ಬನ್, ಒಮ್ಮೆ ಟಂಗ್‌ಸ್ಟನ್. ಆ ವಸ್ತುವೇ ಚೆಂಡನ್ನು ದೂರಕ್ಕೆ ಒಯ್ಯುತ್ತದೆ ಎಂಬ ನಂಬಿಕೆ ಕೊಳ್ಳುವವರಲ್ಲಿ ಬೇರೂರಿದೆ. ನನ್ನ ಅಭಿಪ್ರಾಯ ಬೇರೆ. ಇಂದಿನ ಡ್ರೈವರ್‌ನಲ್ಲಿ ಹೊಸ ವಸ್ತು ಮಾಡಿಕೊಡುವ ಮುಖ್ಯ ಉಪಕಾರವೆಂದರೆ ಕೆಲವು ಗ್ರಾಂ ತೂಕದ ಉಳಿತಾಯ. ಆಟದಲ್ಲಿ ವ್ಯತ್ಯಾಸ ತರುವುದು ಉಳಿದ ಆ ಗ್ರಾಂಗಳನ್ನು ವಿನ್ಯಾಸಕಾರರು ಹೆಡ್‌ನ (ಕೋಲಿನ ತುದಿಯ ಗಡ್ಡೆಯ) ಯಾವ ಭಾಗದಲ್ಲಿ ಇಟ್ಟರು ಎಂಬುದು.

ಡ್ರೈವರ್‌ನ ಹೆಡ್ ಸುಮಾರು 200 ಗ್ರಾಂ ತೂಗುತ್ತದೆ. ಅದು ತೀರಾ ಹಗುರವಾದರೆ ಚೆಂಡಿಗೆ ತಗಲುವ ಪೆಟ್ಟಿನಲ್ಲಿ ಬಲವಿರುವುದಿಲ್ಲ, ಭಾರವಾದರೆ ಉದ್ದನೆಯ ಶಾಫ್ಟ್‌ನ ತುದಿಯಲ್ಲಿ ಅದನ್ನು ವೇಗವಾಗಿ ಬೀಸಲಾಗದು. ಆದ್ದರಿಂದ ಪರ್ಸಿಮನ್ ಮರದ ಕಾಲದಿಂದಲೂ ಈ ತೂಕ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಅಷ್ಟೇ ತೂಕವನ್ನು ಎಷ್ಟು ವಿಸ್ತಾರವಾಗಿ ಹರಡಬಹುದು ಎಂಬುದು. ಮರದ ಹೆಡ್ ಗಟ್ಟಿ ತುಂಡಾಗಿದ್ದರಿಂದ ಅದರ ತೂಕದ ಬಹುಪಾಲು ಮಧ್ಯದ ಸುತ್ತಲೇ ಕೂತಿರುತ್ತಿತ್ತು. 1979ರಲ್ಲಿ ಗ್ಯಾರಿ ಆಡಮ್ಸ್ ಟೇಲರ್‌ಮೇಡ್ ಕಂಪನಿಯನ್ನು ಕಟ್ಟಿ, ಒಳಗೆ ಟೊಳ್ಳಾದ ಉಕ್ಕಿನ ಹೆಡ್ಡನ್ನು ಮಾರುಕಟ್ಟೆಗೆ ತಂದಾಗ ತೂಕ ಮೊದಲ ಬಾರಿಗೆ ಅಂಚುಗಳಿಗೆ ಸರಿಯಿತು. 1991ರಲ್ಲಿ ಬಂದ ಕ್ಯಾಲವೇ ಕಂಪನಿಯ ಉಕ್ಕಿನ ಬಿಗ್ ಬರ್ತಾ 190 ಘನ ಸೆಂಟಿಮೀಟರ್ ಗಾತ್ರದ್ದು, ಆ ಕಾಲಕ್ಕೆ ದೈತ್ಯ. ಉಕ್ಕಿನ ಒಂದು ಘನ ಸೆಂಟಿಮೀಟರ್ ಸುಮಾರು 7.8 ಗ್ರಾಂ ತೂಗಿದರೆ ಟೈಟಾನಿಯಂ ಮಿಶ್ರಲೋಹ ಸುಮಾರು 4.4 ಗ್ರಾಂ ಮಾತ್ರ ತೂಗುತ್ತದೆ. ಹೀಗಾಗಿ 1995ರ ಟೈಟಾನಿಯಂ ಗ್ರೇಟ್ ಬಿಗ್ ಬರ್ತಾ, ತೂಕ ಏರಿಸದೆ 250 ಘನ ಸೆಂಟಿಮೀಟರ್‌ವರೆಗೆ ಬೆಳೆಯಿತು. ಈ ನಡುವೆ 1993ರಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಮರದ ಡ್ರೈವರ್ ಹಿಡಿದೇ ಮಾಸ್ಟರ್ಸ್ ಟೂರ್ನಿ ಗೆದ್ದರು ಎಂಬುದನ್ನೂ ನೆನಪಿಡಬೇಕು. ಮಧ್ಯಕ್ಕೇ ಹೊಡೆಯಬಲ್ಲವರಿಗೆ ವಸ್ತುವಿನ ಹಂಗು ಕಡಿಮೆ.

ಗಾತ್ರದ ಓಟಕ್ಕೆ 2004ರಲ್ಲಿ ತಡೆ ಬಿತ್ತು. ನಿಯಮ ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳು ಹೆಡ್‌ನ ಗಾತ್ರಕ್ಕೆ 460 ಘನ ಸೆಂಟಿಮೀಟರ್ ಮಿತಿ ಹಾಕಿದವು. ಹೆಡ್ಡಿನಲ್ಲಿ ಚೆಂಡಿಗೆ ತಾಗುವ ಮುಂಭಾಗವಾದ ಫೇಸ್ ಎಷ್ಟು ಚಿಮ್ಮಬಹುದು ಎಂಬುದಕ್ಕೂ ಮಿತಿಯಿದೆ: ಲೋಲಕಕ್ಕೆ ಕಟ್ಟಿದ ಉಕ್ಕಿನ ಗುಂಡನ್ನು ಫೇಸ್‌ಗೆ ತಾಗಿಸಿ ಸಂಪರ್ಕದ ಅವಧಿಯನ್ನು ಅಳೆಯುತ್ತಾರೆ, ವಿನಾಯಿತಿಯೂ ಸೇರಿ ಅದು 257 ಮೈಕ್ರೋಸೆಕೆಂಡ್ ಮೀರುವಂತಿಲ್ಲ. ಅಂದರೆ ನಿಯಮಬದ್ಧವಾದ ಫೇಸ್ ಟೈಟಾನಿಯಂನದಾಗಿರಲಿ, ಕಾರ್ಬನ್ನಿನದಾಗಿರಲಿ, ಚಿಮ್ಮುವಿಕೆಯ ಗರಿಷ್ಠ ಮಿತಿ ಒಂದೇ. 2022ರಲ್ಲಿ ಟೇಲರ್‌ಮೇಡ್ 60 ಪದರಗಳ ಕಾರ್ಬನ್ ಫೇಸ್ ಇರುವ ಸ್ಟೆಲ್ತ್ ಡ್ರೈವರ್ ತಂದಾಗ ಎಲ್ಲರ ಕಣ್ಣು ಅದರ ಕೆಂಪು ಬಣ್ಣದ ಮೇಲೆ ನೆಟ್ಟಿತು. ನನಗೆ ಮುಖ್ಯವೆನಿಸಿದ್ದು ಆ ಫೇಸ್ 26 ಗ್ರಾಂ ಮಾತ್ರ ತೂಗುತ್ತಿತ್ತು ಎಂಬ ಸಂಗತಿ, ಏಕೆಂದರೆ ಅಷ್ಟೇ ಗಾತ್ರದ ಟೈಟಾನಿಯಂ ಫೇಸ್‌ಗಿಂತ ಅದು ಶೇಕಡಾ 40ರಷ್ಟು ಹಗುರ ಎಂದು ಕಂಪನಿಯೇ ಹೇಳಿಕೊಂಡಿತ್ತು.

ಉಳಿದ ತೂಕವನ್ನು ಇಡಲು ಮುಖ್ಯವಾಗಿ ಎರಡು ಜಾಗಗಳಿವೆ. ಅದನ್ನು ಟಂಗ್‌ಸ್ಟನ್ ತುಂಡಾಗಿ ಹೆಡ್‌ನ ಹಿಂತುದಿಯಲ್ಲಿ ಕೂರಿಸಿದರೆ, ಚೆಂಡು ಫೇಸ್‌ನ ಟೋ (ಆಟಗಾರನಿಂದ ದೂರದ ತುದಿ) ಅಥವಾ ಹೀಲ್ (ಆಟಗಾರನಿಗೆ ಹತ್ತಿರದ ತುದಿ) ಕಡೆ ತಗುಲಿದಾಗ ಹೆಡ್ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಈ ಪ್ರತಿರೋಧವನ್ನೇ ಗಾಲ್ಫ್ ವಲಯದಲ್ಲಿ ಎಂಒಐ ಎನ್ನುತ್ತಾರೆ. ತೂಕ ಗುರುತ್ವ ಕೇಂದ್ರದಿಂದ ಎಷ್ಟು ದೂರವಿದೆಯೋ ಅದರ ವರ್ಗಕ್ಕೆ ಅನುಗುಣವಾಗಿ ಎಂಒಐ ಏರುವುದರಿಂದ, ಹೆಡ್‌ನ ಹಿಂತುದಿಗೆ ಒಯ್ದ ಹತ್ತು ಗ್ರಾಂ ಮಧ್ಯದಲ್ಲಿರುವ ಹತ್ತು ಗ್ರಾಂಗಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತದೆ. ಇದರ ಜೊತೆಗೆ ಗುರುತ್ವ ಕೇಂದ್ರವೂ ಹಿಂದಕ್ಕೆ ಸರಿಯುತ್ತದೆ, ಹೊಡೆತದ ಕ್ಷಣದಲ್ಲಿ ಫೇಸ್ ಸ್ವಲ್ಪ ಮೇಲಕ್ಕೆ ನೋಡುತ್ತದೆ, ಚೆಂಡು ಎತ್ತರಕ್ಕೇರಿ ಹೆಚ್ಚು ಸ್ಪಿನ್ (ಹಿಮ್ಮುಖ ತಿರುಗುವಿಕೆ) ಪಡೆಯುತ್ತದೆ. ಅದೇ ತೂಕವನ್ನು ಫೇಸ್‌ನ ಹಿಂದೆಯೇ ತಗ್ಗಿನಲ್ಲಿ ಇಟ್ಟರೆ ಸ್ಪಿನ್ ಇಳಿಯುತ್ತದೆ, ಸರಿಯಾಗಿ ತಗುಲಿದ ಚೆಂಡು ನೆಲಕ್ಕೆ ಬಿದ್ದ ಮೇಲೂ ಬಹಳ ದೂರ ಉರುಳುತ್ತದೆ, ಆದರೆ ತಪ್ಪಿದ ಹೊಡೆತಕ್ಕೆ ಕ್ಷಮೆ ಸಿಗುವುದಿಲ್ಲ. ಕಡಿಮೆ ಸ್ಪಿನ್ನೂ ಬೇಕು, ಹೆಚ್ಚು ಕ್ಷಮೆಯೂ ಬೇಕು ಎನ್ನುವವರ ಪಾಡು ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂಥದು.

ಇದಕ್ಕೆ ಒಳ್ಳೆಯ ನಿದರ್ಶನ 2013ರ ಎಸ್‌ಎಲ್‌ಡಿಆರ್ ಡ್ರೈವರ್. ಟೇಲರ್‌ಮೇಡ್ ಅದರಲ್ಲಿ ಗುರುತ್ವ ಕೇಂದ್ರವನ್ನು ತಗ್ಗಿಗೂ ಮುಂದಕ್ಕೂ ತಂದು, ಸ್ಪಿನ್ ಇಳಿದದ್ದರಿಂದ ಆಟಗಾರರು ಮೊದಲಿಗಿಂತ ಹೆಚ್ಚು ಲಾಫ್ಟ್ (ಫೇಸ್ ಮೇಲ್ಮುಖವಾಗಿ ವಾಲಿರುವ ಕೋನ) ಇರುವ ಹೆಡ್ ಆರಿಸಿಕೊಳ್ಳಬೇಕೆಂದು ಪ್ರಚಾರ ಮಾಡಿತು. ವೇಗವಾಗಿ ಬೀಸಿ, ಪ್ರತಿ ಸಲ ಮಧ್ಯಕ್ಕೇ ಹೊಡೆಯುವವರಿಗೆ ಅದು ವರವಾಯಿತು. ಆದರೆ ನಿಧಾನವಾಗಿ ಬೀಸುವ ವಾರಾಂತ್ಯದ ಆಟಗಾರನಿಗೆ ಅಂಥ ವಿನ್ಯಾಸ ಹೊಂದುವುದಿಲ್ಲ ಎಂದೇ ನನ್ನ ತೀರ್ಮಾನ. ಅವನ ಚೆಂಡಿಗೆ ಗಾಳಿಯಲ್ಲಿ ನಿಲ್ಲಲು ಬೇಕಾದ ಸ್ಪಿನ್ನೇ ಉಳಿಯದೆ ಅದು ಬೇಗನೆ ಕುಸಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಆಡುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಇಲ್ಲಿನ ತೆಳುವಾದ ಗಾಳಿಯಲ್ಲಿ ಚೆಂಡಿಗೆ ತಡೆ ಕಡಿಮೆ, ಆದರೆ ಅದನ್ನು ಎತ್ತಿ ಹಿಡಿಯುವ ಬಲವೂ ಅಷ್ಟೇ ಕಡಿಮೆ.

ಹಿಂದಕ್ಕೆ ತೂಕ ಇಡುವುದರಲ್ಲೂ ಉತ್ಪ್ರೇಕ್ಷೆ ಇಲ್ಲದಿಲ್ಲ. ಟೋ ಮತ್ತು ಹೀಲ್ ದಿಕ್ಕಿನ ತಿರುಚುವಿಕೆಗೆ ಸಂಬಂಧಿಸಿದ ಎಂಒಐ 5900 ಗ್ರಾಂ ಚದರ ಸೆಂಟಿಮೀಟರ್ ಮೀರಬಾರದು, ಅಳತೆಯ ವಿನಾಯಿತಿ 100 ಮಾತ್ರ ಎಂಬ ನಿಯಮ ಬಹಳ ಹಿಂದೆಯೇ ಜಾರಿಗೆ ಬಂದಿದೆ. ಹಾಗಿರುವಾಗ 2024ರಲ್ಲಿ ಪಿಂಗ್ ಮತ್ತು ಟೇಲರ್‌ಮೇಡ್ ಎರಡೂ 10ಕೆ, ಅಂದರೆ ಹತ್ತು ಸಾವಿರ ಎಂಒಐ ಎಂದು ಸಾರಿದ ಡ್ರೈವರ್‌ಗಳನ್ನು ತಂದದ್ದು ಹೇಗೆ? ಅಡ್ಡ ದಿಕ್ಕಿನ ಎಂಒಐಗೆ ಮೇಲೆ ಕೆಳಗಿನ ದಿಕ್ಕಿನ ಎಂಒಐಯನ್ನು ಕೂಡಿಸಿ ಹತ್ತು ಸಾವಿರ ದಾಟಿಸಿದರು. ಇದು ಸುಳ್ಳಲ್ಲ, ಎಂಜಿನಿಯರಿಂಗ್ ದೃಷ್ಟಿಯಿಂದ ಸಣ್ಣ ಸಾಧನೆಯೂ ಅಲ್ಲ. ಆದರೆ ಎರಡು ಬೇರೆ ಅಕ್ಷಗಳ ಅಂಕಿಗಳ ಮೊತ್ತವನ್ನು ಒಂದೇ ಗುಣದ ಅಳತೆಯೆಂಬಂತೆ ಪ್ರಚಾರದಲ್ಲಿ ಸಾರುವುದು ಮಾರಾಟದ ಜಾಣತನ.

ಹಾಗಿದ್ದರೂ ಸಾಮಾನ್ಯ ಆಟಗಾರನಿಗೆ ನಾನು ಹೇಳುವುದು ಹಿಂದೆ ತೂಕವಿರುವ ಹೆಡ್ಡನ್ನೇ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದೂ, ಒಂದೇ ಒಂದು ಸ್ಟ್ರೋಕ್‌ನಿಂದ ಪದಕದ ಪೈಪೋಟಿ ತಪ್ಪಿ ನಾಲ್ಕನೆಯವರಾದರು. ಹತ್ತು ಗಜ ದೂರಕ್ಕಾಗಿ, ಹುಲ್ಲು ಕತ್ತರಿಸಿದ ನೇರ ಹಾದಿಯಾದ ಫೇರ್‌ವೇ ಬಿಟ್ಟುಕೊಡುವ ಆತುರ ನಮಗೇಕೆ? ಸ್ಲೈಸ್ ಆಗುವವರು, ಅಂದರೆ ಬಲಗೈಯವರಾದರೆ ಚೆಂಡು ಬಲಕ್ಕೆ ಬಾಗಿ ಹೋಗುವವರು, ತೂಕವನ್ನು ಹೀಲ್ ಕಡೆಗೆ ಸರಿಸಿದ ಹೆಡ್ಡನ್ನು ನೋಡಬಹುದು, ಅದು ಫೇಸ್ ಮುಚ್ಚಿಕೊಳ್ಳಲು (ಹೊಡೆತದ ವೇಳೆ ಒಳಕ್ಕೆ ತಿರುಗಲು) ಕೊಂಚ ನೆರವಾಗುತ್ತದೆ, ಆದರೆ ಬೀಸಿನ ದೋಷವನ್ನೆಲ್ಲ ಅದು ತಿದ್ದುವುದಿಲ್ಲ.

ಕೊಳ್ಳುವ ಮುನ್ನ ಫೇಸ್ ಮೇಲೆ ಪೌಡರ್ ಸ್ಪ್ರೇ ಸಿಂಪಡಿಸಿ ಒಂದಷ್ಟು ಚೆಂಡು ಹೊಡೆದು, ಗುರುತುಗಳು ಎಲ್ಲೆಲ್ಲಿ ಬಿದ್ದಿವೆ ಎಂದು ನೋಡಿ. ಅವು ಟೋನಿಂದ ಹೀಲ್‌ವರೆಗೆ ಚೆಲ್ಲಾಪಿಲ್ಲಿಯಾಗಿದ್ದರೆ ಹಿಂದೆ ತೂಕವಿರುವ ಹೆಡ್ ನಿಮಗೆ ತಕ್ಕದ್ದು. ಮಧ್ಯದಲ್ಲೇ ಗುಂಪಾಗಿದ್ದು, ಚೆಂಡು ಮಾತ್ರ ಅಗತ್ಯಕ್ಕಿಂತ ಮೇಲೇರಿ ನಿಂತುಬಿಡುತ್ತಿದ್ದರೆ ಮುಂದೆ ತೂಕವಿರುವುದನ್ನು ಪರೀಕ್ಷಿಸಿ. ಹೀಗೆ ಪರೀಕ್ಷಿಸಲು ಒಪ್ಪದೆ ಕಾರ್ಬನ್ನಿನ ಗುಣಗಾನವನ್ನಷ್ಟೇ ಮಾಡುವ ಅಂಗಡಿಯಿಂದ ಧಾರಾಳವಾಗಿ ಎದ್ದು ಬರಬಹುದು.